ಗಾಶ್: ಬಾಯಿಗೆ ಬಂದ ದೇವರನ್ನು ನುಂಗಿಕೊಂಡ ಪದ

ಬೆಂಗಳೂರಿನಲ್ಲಿ ದಿನಕ್ಕೆ ಎಷ್ಟು ಸಲ ‘ಓ ಮೈ ಗಾಡ್’ ಕಿವಿಗೆ ಬೀಳುತ್ತದೋ ಲೆಕ್ಕವಿಲ್ಲ. ಮೆಟ್ರೋದಲ್ಲಿ ಕೇಳುತ್ತದೆ, ಕಾಲೇಜಿನ ಗೇಟಿನ ಹತ್ತಿರ ಕೇಳುತ್ತದೆ, ಟೀವಿ ಧಾರಾವಾಹಿಯಲ್ಲಂತೂ ಬಾಗಿಲ ಹಿಂದೆ ನಿಂತ ಪ್ರತಿ ಅತ್ತೆಯೂ ಅನ್ನುತ್ತಾಳೆ. ಇಂಗ್ಲಿಷ್ ಅಷ್ಟಾಗಿ ಬಾರದವರ ಬಾಯಲ್ಲೂ ಅದು ಸಲೀಸಾಗಿ ಹೊರಡುತ್ತದೆ. ಆದರೆ ‘ಓ ಮೈ ಗಾಶ್’ ಅನ್ನುವವರು ಅಪರೂಪ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಕೆಳಗೆ ಓದಿದ ಒಬ್ಬಿಬ್ಬರು ಸಿಕ್ಕಾರು, ಅಷ್ಟೇ.

ಇಂಗ್ಲಿಷಿನಿಂದ ಸಿಕ್ಕಿದ್ದನ್ನೆಲ್ಲ ಎತ್ತಿಕೊಂಡ ನಾವು ಇದೊಂದನ್ನು ಯಾಕೆ ಅಲ್ಲೇ ಬಿಟ್ಟೆವು? ಉಚ್ಚಾರ ಕಷ್ಟ ಅಂತೇನಿಲ್ಲ. ‘ಗಾಡ್’ ಅನ್ನುವಷ್ಟೇ ಸುಲಭ. ನನಗೆ ತೋಚುವ ಕಾರಣ ಇಷ್ಟು: ಆ ಪದ ಹುಟ್ಟಿದ್ದೇ ಒಂದು ಹೆದರಿಕೆಯಿಂದ. ಆ ಹೆದರಿಕೆ ನಮ್ಮ ಕಡೆ ಇರಲಿಲ್ಲ.

ಹೆದರಿಕೆಯ ಮೂಲ ಬೈಬಲಿನ ಹತ್ತು ಆಜ್ಞೆಗಳಲ್ಲಿದೆ. ವಿಮೋಚನಕಾಂಡದ 20ನೇ ಅಧ್ಯಾಯ, 7ನೇ ವಚನ. ನಿನ್ನ ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬೇಡ, ಎತ್ತಿದವನನ್ನು ದೇವರು ಸುಮ್ಮನೆ ಬಿಡುವುದಿಲ್ಲ ಅಂತ ಅದರ ತಾತ್ಪರ್ಯ. ಹೆಚ್ಚಿನ ಪ್ರಾಟೆಸ್ಟೆಂಟರ ಎಣಿಕೆಯಲ್ಲಿ ಇದು ಮೂರನೇ ಆಜ್ಞೆ, ಕ್ಯಾಥೊಲಿಕರ ಎಣಿಕೆಯಲ್ಲಿ ಎರಡನೆಯದು. ಎಣಿಕೆ ಏನೇ ಇರಲಿ, ಕೊಲೆ ಮಾಡಬೇಡ, ಕದಿಯಬೇಡ ಅನ್ನುವುದಕ್ಕಿಂತ ಮೊದಲೇ ಇದು ಬರುತ್ತದೆ. ಅಂದರೆ ಕಾಲು ಜಾರಿದಾಗ, ಹಾಲು ಉಕ್ಕಿದಾಗ, ನೆಂಟರು ಹೇಳದೆ ಕೇಳದೆ ಬಂದು ನಿಂತಾಗ ‘ಗಾಡ್!’ ಅನ್ನುವುದು ಪಾಪ.

ಆದರೆ ಬಾಯಿ ಕೇಳಬೇಕಲ್ಲ! ಗಾಬರಿಯಾದಾಗ ದೊಡ್ಡವರ ಹೆಸರೇ ನಾಲಿಗೆಗೆ ಬರುವುದು. ಅದಕ್ಕೆ ಜನ ಒಂದು ಉಪಾಯ ಮಾಡಿಕೊಂಡರು. ಹೆಸರನ್ನು ಶುರು ಮಾಡುವುದು, ಅರ್ಧಕ್ಕೆ ಬಂದಾಗ ನೆನಪು ಮಾಡಿಕೊಂಡು ಬೇರೆ ಕಡೆ ತಿರುಗಿಸುವುದು. ‘ಗಾ’ ಅಂತ ಬಾಯಿ ತೆರೆದಾಗಿದೆ, ಇನ್ನು ‘ಡ್’ ಬರುವುದರೊಳಗೆ ‘ಶ್’ ಅಂತ ಮುಗಿಸಿಬಿಟ್ಟರೆ ಗಾಶ್. ‘ಲಿ’ ಅಂತ ಮುಗಿಸಿದರೆ ಗಾಲಿ. ಇಂಗ್ಲೆಂಡಿನ ಉತ್ತರ ಭಾಗದವರು ‘ಬೈ ಗಮ್’ ಅಂದರು. ಯೇಸುವಿನ ಹೆಸರು ‘ಜೀ’ ಆಯಿತು, ‘ಜೀಪರ್ಸ್’ ಆಯಿತು. ಕ್ರಿಸ್ತನ ಹೆಸರು ಕ್ರೈಕಿ, ಕ್ರೈಪ್ಸ್, ಕೊನೆಗೆ ಬ್ರೆಡ್ಡಿನ ಚೂರಿನ ಹೆಸರಿನಂತೆ ಕಾಣುವ ‘ಕ್ರಂಬ್ಸ್’ ಕೂಡ ಆಯಿತು. ನರಕಕ್ಕೆ ಹೆಲ್ ಅನ್ನುವ ಬದಲು ಹೆಕ್, ಡ್ಯಾಮ್ ಅನ್ನುವ ಬದಲು ಡಾರ್ನ್. ಲಂಡನ್ನಿನ ಬೀದಿಗಳ ‘ಬ್ಲೈಮಿ’ ಕೇಳಲು ತಮಾಷೆಯಾಗಿದೆ. ಅದನ್ನು ಬಿಡಿಸಿದರೆ ‘ದೇವರು ನನ್ನ ಕಣ್ಣು ಕುರುಡು ಮಾಡಲಿ’ ಅನ್ನುವ ಭಯಂಕರ ಆಣೆ ಸಿಗುತ್ತದೆ.

ಗಾಶ್ ಒಳಗೆ ಅಂಥ ಗಂಟು ಏನೂ ಇಲ್ಲ. ಅದಕ್ಕೆ ತನ್ನದೇ ಆದ ಅರ್ಥವೇ ಇಲ್ಲ. ಅಚ್ಚಾದ ಬರಹದಲ್ಲಿ ‘ಬೈ ಗಾಶ್’ 1757ರ ಹೊತ್ತಿಗೆ ಸಿಗುತ್ತದೆ. ಅದಕ್ಕೂ ಸುಮಾರು 200 ವರ್ಷ ಹಿಂದೆ ‘ಬೈ ಗಾಸ್’ ಅನ್ನುವುದೊಂದಿತ್ತು, ಅದೇ ಇದರ ಅಜ್ಜ ಇರಬೇಕು.

ಹೀಗೆ ಪದ ತಿರುಚಿಕೊಂಡಿದ್ದು ಬರೀ ದೇವರ ಭಯಕ್ಕಲ್ಲ. ಜೇಬಿನ ಭಯವೂ ಇತ್ತು. 1606ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ನಾಟಕದವರ ಮೇಲೆ ಒಂದು ಕಾನೂನು ತಂದಿತು. ರಂಗದ ಮೇಲೆ ದೇವರ, ಕ್ರಿಸ್ತನ, ಪವಿತ್ರಾತ್ಮನ ಹೆಸರನ್ನು ತಮಾಷೆಗೋ ಆಣೆಗೋ ಬಳಸಿದರೆ ಪ್ರತಿ ಸಲಕ್ಕೆ 10 ಪೌಂಡು ದಂಡ. ಆಗಿನ ಕಾಲಕ್ಕೆ ಅದು ದೊಡ್ಡ ಮೊತ್ತ. ದಂಡದಲ್ಲಿ ಅರ್ಧ ರಾಜನಿಗೆ, ಇನ್ನರ್ಧ ದೂರು ಕೊಟ್ಟವನಿಗೆ! ನಾಟಕ ನೋಡಲು ಬಂದವರಲ್ಲಿ ಕಿವಿ ನೆಟ್ಟಗೆ ಮಾಡಿಕೊಂಡು ಕೂತವರು ಎಷ್ಟು ಜನ ಇದ್ದರೋ. ಇದರ ಗುರುತು ಷೇಕ್ಸ್‌ಪಿಯರ್‌ನ ನಾಟಕಗಳ ಮೇಲೂ ಉಳಿದಿದೆ. ‘ಒಥೆಲೊ’ 1622ರಲ್ಲಿ ಬಿಡಿಯಾಗಿ ಅಚ್ಚಾದಾಗ ಅದರ ಖಳನಾಯಕ ಇಯಾಗೊ ಬಾಯಿ ತೆರೆಯುವುದೇ ‘ದೇವರ ರಕ್ತದಾಣೆ’ ಅನ್ನುವುದರ ಮೊಟಕು ರೂಪದಿಂದ. ಮರುವರ್ಷ, ಅವನ ನಾಟಕಗಳನ್ನು ಒಟ್ಟಿಗೆ ಸೇರಿಸಿದ 1623ರ ದೊಡ್ಡ ಸಂಪುಟದಲ್ಲಿ ಅದೇ ಸಾಲು ಇದೆ, ಆಣೆ ಮಾತ್ರ ಮಾಯ. ‘ದೇವರ ಗಾಯಗಳಾಣೆ’ಯಿಂದ ಬಂದ ‘ಜೌಂಡ್ಸ್’ ಕೂಡ ಆ ಸಂಪುಟದ ಒಥೆಲೊದಲ್ಲಿ ಇಲ್ಲ. ನೋಡಿ, ಮೊಟಕು ಮಾಡಿದ್ದೂ ಸಾಲಲಿಲ್ಲ. ಮೊಟಕು ಪದ ನಾಲ್ಕು ಜನರ ಬಾಯಲ್ಲಿ ಹಳತಾದ ಮೇಲೆ ಅದರ ಹಿಂದಿನ ಆಣೆ ಮತ್ತೆ ಎದ್ದು ಕಾಣತೊಡಗುತ್ತದೆ. ಆಗ ಇನ್ನೊಂದು ಹೊಸ ಮೊಟಕು ಬೇಕಾಗುತ್ತದೆ.

ಜನಸಾಮಾನ್ಯರಿಗೆ 1745ರ ಕಾನೂನು ಬಂತು. ಆಣೆ, ಶಾಪ ಹಾಕಿದರೆ ದಂಡ. ಆ ದಂಡದ ಪಟ್ಟಿ ನನಗೆ ತುಂಬ ಇಷ್ಟ. ಕೂಲಿಯವ, ಸಿಪಾಯಿ, ನಾವಿಕ ಆಗಿದ್ದರೆ 1 ಶಿಲಿಂಗ್. ಅದಕ್ಕಿಂತ ಮೇಲೆ, ಆದರೆ ಜಂಟಲ್‌ಮನ್ ಅಲ್ಲದವನಾದರೆ 2 ಶಿಲಿಂಗ್. ಜಂಟಲ್‌ಮನ್ ಮತ್ತು ಮೇಲ್ಪಟ್ಟವರಿಗೆ 5. ಎರಡನೇ ಸಲ ಸಿಕ್ಕಿಬಿದ್ದರೆ ದುಪ್ಪಟ್ಟು. ಬೈಗುಳಕ್ಕೂ ಅಂತಸ್ತಿನ ದರ ಕಟ್ಟಿದ ದೇಶ ಅದು. ಆ ಕಾನೂನು ಪೂರ್ತಿ ರದ್ದಾಗಿದ್ದು 1967ರಲ್ಲಿ.

ಇಂಗ್ಲಿಷಿನವರಷ್ಟೇ ಹೀಗೆ ಅಂದುಕೊಳ್ಳಬೇಡಿ. ಫ್ರೆಂಚರು ದೇವರು ಅನ್ನುವ ‘ದ್ಯೂ’ ಬದಲಿಗೆ ನೀಲಿ ಬಣ್ಣದ ‘ಬ್ಲೂ’ ತಂದು ‘ಪಾರ್‌ಬ್ಲೂ’, ‘ಸಾಕ್ರೆಬ್ಲೂ’ ಮಾಡಿಕೊಂಡರು. ಸಂಪ್ರದಾಯಸ್ಥ ಯಹೂದಿಗಳದು ಇನ್ನೂ ಬಿಗಿ. ಅವರು ಮಾತಿನ ನಡುವೆ ದೇವರನ್ನು ‘ಹಾಶೆಮ್’ ಅನ್ನುತ್ತಾರೆ, ಅಂದರೆ ಬರೀ ‘ಆ ಹೆಸರು’. ದೇವರು ಅನ್ನುವ ಹೀಬ್ರೂ ಪದ ‘ಎಲೋಹಿಮ್’ ಅನ್ನಬೇಕಾದಲ್ಲಿ ಪ್ರಾರ್ಥನೆಯ ಹೊರಗೆ ‘ಎಲೋಕಿಮ್’ ಅಂತ ಒಂದಕ್ಷರ ಬದಲಿಸುತ್ತಾರೆ. ಗಾಡ್ ಗಾಶ್ ಆದ ಹಾಗೇ. ಆದರೆ ಅವರು ಅದನ್ನು ಗಾಬರಿಗೆ ಮಾಡುವುದಿಲ್ಲ, ಗೌರವಕ್ಕೆ ಮಾಡುತ್ತಾರೆ.

ಇವತ್ತಿನ ಇಂಗ್ಲೆಂಡಿನಲ್ಲಿ ಗಾಶ್ ಅನ್ನುವವರ ತಲೆಯಲ್ಲಿ ದೇವರೂ ಇಲ್ಲ, ದಂಡವೂ ಇಲ್ಲ. ಭಯ ಹೋಯಿತು, ಪದ ಉಳಿಯಿತು. ಉಳಿದ ಪದಕ್ಕೆ ಬೇರೆ ಕೆಲಸಗಳು ಬಂದವು. ಅದು ನನಗೆ ಗೊತ್ತಾಗಿದ್ದು ಆಫೀಸಿನಲ್ಲಿ. ನಮ್ಮ ತಂಡ ಇಂಗ್ಲೆಂಡಿನ ಗಿರಾಕಿಗಳ ಜೊತೆ ಕೆಲಸ ಮಾಡುತ್ತದೆ. ವಾರವಾರ ವಿಡಿಯೋ ಕಾಲ್ ಇರುತ್ತದೆ. ಅಲ್ಲೊಬ್ಬರು ಮೇಡಂ ಇದ್ದಾರೆ, ನಿವೃತ್ತಿಗೆ ಹತ್ತಿರ ಬಂದವರು. ಅವರ ಒಂದೊಂದು ‘ಗಾಶ್’ ಒಂದೊಂದು ಥರ.

ನಾವು ಇಲ್ಲಿ ಮಳೆ ಬಂದು ರಿಂಗ್ ರೋಡ್ ಕೆರೆಯಾಗಿದೆ ಅನ್ನುತ್ತೇವೆ. ‘ಗಾಶ್’ ಅನ್ನುತ್ತಾರೆ. ಕರೆಂಟೂ ಹೋಗಿತ್ತು ಅನ್ನುತ್ತೇವೆ. ಇನ್ನೂ ಸ್ವಲ್ಪ ಎಳೆದು ‘ಗಾ...ಶ್’. ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ನಾನು ಕೇಳುತ್ತಿದ್ದೇನೆ, ಮುಂದೆ ಹೇಳಿ ಅಂತ ಅಷ್ಟೇ. ನಮ್ಮ ಅಜ್ಜಿಯರು ಕತೆ ಕೇಳುತ್ತಾ ‘ಹೌದಾ’, ‘ಅಯ್ಯೋ ಪಾಪ’ ಅಂತ ನಡುನಡುವೆ ಹಾಕುವ ಹಾಗೆ.

ಮಾತು ಉದ್ದವಾದಾಗ ಗೋಡೆಯ ಗಡಿಯಾರ ಈಗಷ್ಟೇ ಕಂಡವರಂತೆ ‘ಗಾಶ್, ಈಸ್ ದಟ್ ದ ಟೈಮ್?’ ಅನ್ನುತ್ತಾರೆ. ಟೈಮ್ ಎಷ್ಟು ಅಂತ ಅವರಿಗೆ ಚೆನ್ನಾಗಿ ಗೊತ್ತು. ಮಾತು ಮುಗಿಸೋಣ ಅಂತ ಅದರ ಅರ್ಥ. ಇಲ್ಲಿ ನೆಂಟರ ಮನೆಯಲ್ಲಿ ಮೊಣಕಾಲಿಗೆ ಕೈ ಊರಿ ‘ಸರಿ ಹಾಗಾದ್ರೆ’ ಅಂತ ಎದ್ದೇಳುತ್ತೇವಲ್ಲ, ಅದೇ.

ಹೊಗಳಿದರೆ ಇನ್ನೊಂದು ಗಾಶ್ ಬರುತ್ತದೆ, ನಾಚಿಕೆಯದು. ದೀಪಾವಳಿಗೆ ನಮ್ಮ ತಂಡದಿಂದ ಸ್ವೀಟ್ ಬಾಕ್ಸ್ ಕಳಿಸಿದಾಗ ಬಂದಿದ್ದು ಆ ಜಾತಿಯದು. ‘ಗಾಶ್, ನೋ’ ಅಂದರೆ ಬರೀ ನೋಗಿಂತ ಗಟ್ಟಿ, ಆದರೆ ಏಟು ಬೀಳುವುದಿಲ್ಲ. ‘ಗಾಶ್, ಯೆಸ್’ ಅಂದರೆ ಕೇಳಿದ್ದೇ ಪುಣ್ಯ, ನಾನೇ ಹೇಳೋಣ ಅಂತಿದ್ದೆ ಅನ್ನುವ ಹಾಗೆ. ಏನಾದರೂ ನೆನಪು ಮಾಡಿಕೊಳ್ಳಬೇಕಾದಾಗ ‘ಗಾಶ್, ಲೆಟ್ ಮಿ ಥಿಂಕ್’. ಅಲ್ಲಿ ಅದು ಬರೀ ಉಸಿರು ತೆಗೆದುಕೊಳ್ಳುವ ಜಾಗ.

ಎಲ್ಲಕ್ಕಿಂತ ಹುಷಾರಾಗಿ ಕೇಳಬೇಕಾದ್ದು ಎಸ್ಟಿಮೇಟ್ ಕೊಟ್ಟಾಗ ಬರುವ ಗಾಶ್. ಈ ಕೆಲಸಕ್ಕೆ ಆರು ವಾರ ಬೇಕು, ಇಷ್ಟು ಜನ ಬೇಕು, ಇಷ್ಟು ಖರ್ಚು ಅಂತ ಹಾಳೆ ತೋರಿಸುತ್ತೇವೆ. ಒಂದು ಕ್ಷಣ ಮೌನ. ಆಮೇಲೆ ನಗುನಗುತ್ತಲೇ ‘ಗಾಶ್. ದಟ್ಸ್ ಕ್ವೈಟ್ ಎ ಲಾಟ್, ಈಸಿಂಟ್ ಇಟ್?’ ಹೊಸದಾಗಿ ಸೇರಿದ ಹುಡುಗರು ಮೇಡಂ ಖುಷಿಯಾಗಿದ್ದಾರೆ ಅಂದುಕೊಳ್ಳುತ್ತಾರೆ. ನಮ್ಮ ಮ್ಯಾನೇಜರ್ ಮಾತ್ರ ಆಗಲೇ ಪೆನ್ನು ತೆಗೆದು ಆರನ್ನು ನಾಲ್ಕು ಮಾಡಲು ಕೂತಿರುತ್ತಾರೆ. ‘ಇದು ಜಾಸ್ತಿ ಆಯ್ತು, ಒಪ್ಪಲ್ಲ’ ಅನ್ನುವುದನ್ನು ಇಷ್ಟು ಮೆತ್ತಗೆ ಹೇಳುವ ಕಲೆ ನಮ್ಮಲ್ಲಿಲ್ಲ. ಚಿಕ್ಕಪೇಟೆಯಲ್ಲಿ ಸೀರೆ ಚೌಕಾಸಿ ಮಾಡುವವರನ್ನು ಕೇಳಿ ನೋಡಿ.

ಒಂದು ವಿಷಯ ಗಮನಿಸಿದ್ದೇನೆ. ಕಾಲ್ಬೆರಳು ಬಾಗಿಲಿಗೆ ತಾಗಿದಾಗ ಯಾರೂ ಗಾಶ್ ಅನ್ನುವುದಿಲ್ಲ. ಆಗ ಬರುವುದು ಬೇರೆ, ಅದನ್ನು ಇಲ್ಲಿ ಬರೆಯುವಂತಿಲ್ಲ. ಗಾಶ್ ತಾನಾಗಿ ಬಾಯಿಂದ ಬೀಳುವ ಪದ ಅಲ್ಲ. ಎದುರಿಗಿರುವವರನ್ನು ನೋಡಿಕೊಂಡು, ತಾನು ಒಳ್ಳೆಯವಳು ಅಂತ ಕಾಣುವ ಹಾಗೆ ಆರಿಸಿಕೊಂಡ ಪದ. ಸಾವಿನ ಸುದ್ದಿಗೂ ಅದು ಹೊಂದುವುದಿಲ್ಲ. ಅಂದರೂ ತಕ್ಷಣ ಅದರ ಹಿಂದೆ ನಾಲ್ಕು ಮಾತು ಸೇರಿಸಬೇಕು, ಒಂಟಿಯಾಗಿ ಬಿಟ್ಟರೆ ಹಗುರವಾಗುತ್ತದೆ.

ಅದಕ್ಕೊಂದು ಮನೆತನವೂ ಇದೆ ಅನ್ನಿ. ಗಾಶ್ ಅಂದರೆ ಬ್ರಿಟನ್ನಿನಲ್ಲಿ ಬೋರ್ಡಿಂಗ್ ಸ್ಕೂಲಿನ ಮಕ್ಕಳು, ಇಸ್ತ್ರಿ ಮಾಡಿದ ಅಂಗಿ, ಸ್ವಲ್ಪ ಅನುಕೂಲಸ್ಥರ ಮನೆ. ಬ್ಲೈಮಿ ಅಂದರೆ ಲಂಡನ್ನಿನ ಮಾರ್ಕೆಟ್ಟು. ಕ್ರೈಕಿ ಹುಟ್ಟಿದ್ದು ಇಂಗ್ಲೆಂಡಿನಲ್ಲೇ ಆದರೂ ಮೊಸಳೆ ಹಿಡಿಯುತ್ತಿದ್ದ ಸ್ಟೀವ್ ಇರ್ವಿನ್ ಟೀವಿಯಲ್ಲಿ ಕೂಗಿ ಕೂಗಿ ಅದನ್ನು ಆಸ್ಟ್ರೇಲಿಯಾದ್ದೇ ಮಾಡಿಬಿಟ್ಟ. ಅಮೆರಿಕದ ಬೇಸ್‌ಬಾಲ್ ಕಾಮೆಂಟರಿಯವರಿಗೆ ‘ಹೋಲಿ ಕೌ’ ಪ್ರಿಯ. ಪವಿತ್ರ ಗೋವು! ನಾವು ಗೋಪೂಜೆ ಮಾಡುವವರು ಒಂದು ದಿನವೂ ಆಶ್ಚರ್ಯಕ್ಕೆ ಹಸುವನ್ನು ಕರೆದವರಲ್ಲ.

ಅಮೆರಿಕದಲ್ಲಿ ಕತೆ ಬೇರೆ. ಅಲ್ಲಿ ಭಯ ಇನ್ನೂ ಪೂರ್ತಿ ಹೋಗಿಲ್ಲ. 1930ರಲ್ಲಿ ಹಾಲಿವುಡ್ ತನಗೆ ತಾನೇ ಒಂದು ನಿಯಮಾವಳಿ ಬರೆದುಕೊಂಡಿತು, 1934ರಿಂದ ಬಿಗಿಯಾಗಿ ಜಾರಿಗೆ ತಂದಿತು. ಭಕ್ತಿಯಿಂದ ಹೇಳಿದರೆ ಬಿಟ್ಟರೆ ಗಾಡ್, ಲಾರ್ಡ್, ಜೀಸಸ್, ಕ್ರೈಸ್ಟ್ ಅನ್ನುವಂತಿಲ್ಲ. ಹೆಲ್, ಡ್ಯಾಮ್ ಕೂಡ ಇಲ್ಲ. ಎಳೆದು ‘ಗಾ-ಡ್’ ಅಂತ ಹಳ್ಳಿ ಧಾಟಿಯಲ್ಲಿ ಹೇಳುತ್ತಾರಲ್ಲ, ಅದನ್ನೂ ಬೇರೆಯಾಗಿ ಬರೆದು ನಿಷೇಧಿಸಿದ್ದರು. ಹಾಗಾಗಿ ಆ ಕಾಲದ ಹೀರೋಗಳಿಗೆ ಉಳಿದಿದ್ದು ಗಾಶ್, ಗಾಲಿ, ಜೀ. ಒಂದು ಇಡೀ ತಲೆಮಾರು ಸಿನಿಮಾ ನೋಡಿ ಒಳ್ಳೆ ಹುಡುಗರು ಹೀಗೇ ಮಾತಾಡುತ್ತಾರೆ ಅಂತ ಕಲಿತಿತು.

ನನ್ನ ಅಕ್ಕ ನಾರ್ತ್ ಕ್ಯಾರೊಲಿನಾದಲ್ಲಿದ್ದಾಳೆ. ಅವಳ ಮಗಳು ಚಿಕ್ಕವಳಿದ್ದಾಗ ಗೆಳತಿಯ ಮನೆಗೆ ಆಡಲು ಹೋಗಿ ‘ಓ ಮೈ ಗಾಡ್’ ಅಂದಳಂತೆ. ಆ ಮನೆಯ ತಾಯಿ ಬಹಳ ಪ್ರೀತಿಯಿಂದಲೇ, ‘ಪುಟ್ಟಾ, ನಮ್ಮನೇಲಿ ಓ ಮೈ ಗಾಶ್ ಅಂತೀವಿ’ ಅಂದರಂತೆ. ಮಗು ಬಂದು ಅಕ್ಕನ ಹತ್ತಿರ ಹೇಳಿತು. ಅಕ್ಕ ಭಾನುವಾರದ ವಿಡಿಯೋ ಕಾಲಿನಲ್ಲಿ ಅಮ್ಮನಿಗೆ ಹೇಳಿದಳು. ಅಮ್ಮನಿಗೆ ಮೊದಲು ತಲೆಬುಡ ಅರ್ಥವಾಗಲಿಲ್ಲ. ಆಮೇಲೆ, ‘ದೇವರ ಹೆಸರು ಹೇಳಿದ್ರೆ ಬೈತಾರಾ? ಕೆಟ್ಟ ಮಾತು ಏನಾದ್ರೂ ಸೇರಿಸಿದ್ಳೇನೇ?’ ಅಂತ ಕೇಳಿದರು. ಇಲ್ಲಮ್ಮಾ, ಬರೀ ದೇವರು ಅಂದಿದ್ದಕ್ಕೇ ಅಂದಾಗ, ‘ರಾಮ ರಾಮಾ!’ ಅಂದರು. ತಾವೇನು ಮಾಡಿದೆ ಅಂತ ಅವರಿಗೆ ಗೊತ್ತಾಗಲೇ ಇಲ್ಲ. ಅಕ್ಕ, ನಾನು ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ಆ ತಾಯಿಯ ಮಾತು ನನಗೆ ತಪ್ಪು ಅನ್ನಿಸುವುದಿಲ್ಲ. ಬೇಕಾದಾಗ ಮಾತ್ರ ಕರೆಯಬೇಕಾದ ಹೆಸರನ್ನು ಚಪ್ಪಲಿ ಕಿತ್ತುಹೋಗಿದ್ದಕ್ಕೆಲ್ಲ ಕರೆಯಬಾರದು ಅನ್ನುವುದರಲ್ಲಿ ಒಂದು ಮರ್ಯಾದೆ ಇದೆ. ಅಲ್ಲಿಯೇ ಇನ್ನೂ ಕಟ್ಟುನಿಟ್ಟಿನವರಿದ್ದಾರೆ. ಗಾಶ್ ಕೂಡ ಬೇಡ, ಬಾಯಿ ತಿರುಚಿದರೂ ಮನಸ್ಸಿನಲ್ಲಿದ್ದದ್ದು ಅದೇ ತಾನೆ ಅನ್ನುತ್ತಾರೆ. ವಾದ ಸರಿಯಾಗಿಯೇ ಇದೆ. ಅವರ ಮನೆಯಲ್ಲಿ ‘ಗುಡ್‌ನೆಸ್’ ನಡೆಯುತ್ತದೆ. ಇನ್ನು ಮೊಬೈಲಿನ ಓಎಂಜಿ ಎಲ್ಲರನ್ನೂ ಬಚಾವ್ ಮಾಡಿದೆ. ಕೊನೆಯ ಅಕ್ಷರ ಗಾಡೋ ಗಾಶೋ ಓದಿದವರಿಗೆ ಬಿಟ್ಟಿದ್ದು. ಅದನ್ನು ಹುಡುಗರು ಕಂಡುಹಿಡಿದರು ಅಂತ ಎಲ್ಲರೂ ಅಂದುಕೊಂಡಿದ್ದಾರೆ. 1917ರಲ್ಲೇ ಬ್ರಿಟಿಷ್ ನೌಕಾಪಡೆಯ ಮುದುಕ ಅಡ್ಮಿರಲ್ ಲಾರ್ಡ್ ಫಿಶರ್ ಚರ್ಚಿಲ್‌ಗೆ ಬರೆದ ಪತ್ರದಲ್ಲಿ ಅದನ್ನು ಬಳಸಿದ್ದಾರೆ. ಗೊತ್ತಾಗದೆ ಹೋದೀತು ಅಂತ ಪಕ್ಕದಲ್ಲೇ ‘ಓ ಮೈ ಗಾಡ್’ ಅಂತ ಬಿಡಿಸಿಯೂ ಬರೆದಿದ್ದಾರೆ. ಅವರಿಗೆ ದಂಡದ ಭಯ ಇದ್ದ ಹಾಗೆ ಕಾಣುವುದಿಲ್ಲ.

ಈಗ ನಮ್ಮ ಕಡೆಗೆ ಬನ್ನಿ. ನಮ್ಮಲ್ಲಿ ದೇವರ ಹೆಸರು ಬಾಯಿತಪ್ಪಿ ಬಂದರೂ ಪುಣ್ಯ. ಭಾಗವತದ ಅಜಾಮಿಳನ ಕತೆ ಗೊತ್ತಲ್ಲ. ಜೀವಮಾನ ಪೂರ್ತಿ ಮಾಡಬಾರದ್ದನ್ನು ಮಾಡಿದವನು ಸಾಯುವಾಗ ಹೆದರಿ ಮಗನನ್ನು ಕೂಗುತ್ತಾನೆ. ಮಗನ ಹೆಸರು ನಾರಾಯಣ. ಅಷ್ಟಕ್ಕೇ ಯಮದೂತರು ಬರಿಗೈಲಿ ವಾಪಸ್ಸು. ವಾಲ್ಮೀಕಿಯ ಬಗ್ಗೆ ಜನ ಹೇಳುವ ಕತೆಯಂತೂ ಗಾಶ್‌ಗೆ ನೇರ ಉಲ್ಟಾ. ರಾಮ ಅನ್ನಲು ಬಾರದ ಬೇಡ ‘ಮರಾ ಮರಾ’ ಅಂದ. ತಿರುಚಿದ ಹೆಸರೇ ತಿರುಗಿ ತಿರುಗಿ ರಾಮ ಆಯಿತು. ಅಲ್ಲಿ ಪಾಪ ತಪ್ಪಿಸಿಕೊಳ್ಳಲು ಹೆಸರು ತಿರುಚಿದರು, ಇಲ್ಲಿ ತಿರುಚಿದ ಹೆಸರೂ ಪಾಪ ತೊಳೆಯಿತು.

ಹಾಗಾಗಿ ನಮ್ಮವರು ದೇವರನ್ನು ಯಾವುದಕ್ಕೆ ಬೇಕಾದರೂ ಕರೆಯುತ್ತಾರೆ. ಶಿವ ಶಿವಾ, ಕೃಷ್ಣ ಕೃಷ್ಣಾ, ಅಯ್ಯೋ ದೇವ್ರೇ, ಯಾ ಅಲ್ಲಾ. ಕೊಂಕಣಿ ಕ್ಯಾಥೊಲಿಕರಲ್ಲೂ ‘ಸಾಯ್ಬಾ ಭೊಗೊಸ್’ ಇದೆ, ಸ್ವಾಮಿ ಕ್ಷಮಿಸು ಅಂತ. ಚೀಟಿ ದುಡ್ಡು ಮುಳುಗಿದರೆ ‘ಎಲ್ಲಾ ಗೋವಿಂದ’. ತಿರುಪತಿಯ ದೇವರ ಹೆಸರನ್ನು ನಷ್ಟದ ಲೆಕ್ಕಕ್ಕೆ ಬರೆದರೂ ಯಾರಿಗೂ ಬೇಜಾರಿಲ್ಲ. ಇಂಥವರ ಕೈಗೆ ‘ಓ ಮೈ ಗಾಡ್’ ಸಿಕ್ಕಿದಾಗ ಅದು ನಮ್ಮ ಪಟ್ಟಿಗೆ ಇನ್ನೊಂದು ದೇವರು ಸೇರಿದ ಹಾಗೆ ಆಯಿತು. ಗಾಶ್‌ಗೆ ಇಲ್ಲಿ ಕೆಲಸ ಏನಿತ್ತು?

ನಮಗೂ ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುವ ಜಾಗಗಳಿವೆ. ಅವು ಬೇರೆ ಕಡೆ ಇವೆ. ದೀಪ ಆರಿಸು ಅನ್ನುವುದಿಲ್ಲ, ದೊಡ್ಡದು ಮಾಡು ಅನ್ನುತ್ತೇವೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ರಾತ್ರಿ ಹೊತ್ತು ಹಾವು ಹುಳ ಆಗುತ್ತದೆ. ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅಂದು ನೋಡಿ, ಅಲ್ಲೇ ನಿಲ್ಲಿಸಿ ‘ಹೋಗ್ಬರ್ತೀನಿ ಅನ್ನು’ ಅನ್ನುತ್ತಾರೆ. ಗಾಡ್ ಅನ್ನಲು ಹೆದರದ ನನ್ನ ಅಮ್ಮ ಡಬ್ಬದಲ್ಲಿ ಅಕ್ಕಿ ಖಾಲಿ ಅನ್ನಲು ಹೆದರುತ್ತಾರೆ.

ಹೀಗೆ ಹೆದರಿ ಹುಟ್ಟಿದ ಪದಗಳಿಗೆ ಹೆದರಿಕೆ ಹೋದ ಮೇಲೂ ಒಂದು ಸಾಧು ಮುಖ ಉಳಿದಿರುತ್ತದೆ. ನಮ್ಮ ಗಿರಾಕಿ ಮೇಡಂ ಆ ಮುಖ ಇಟ್ಟುಕೊಂಡು ಎರಡು ವಾರದ ಖರ್ಚು ಉಳಿಸುತ್ತಾರೆ, ಅದು ವ್ಯಾಪಾರ. ಇದಕ್ಕಿಂತ ದೊಡ್ಡ ಕೆಲಸಕ್ಕೂ ಅದನ್ನು ಬಳಸಿದವರಿದ್ದಾರೆ. ಅಮೆರಿಕದ ರಕ್ಷಣಾ ಮಂತ್ರಿಯಾಗಿದ್ದ ಡೊನಾಲ್ಡ್ ರಮ್ಸ್‌ಫೆಲ್ಡ್ ‘ಗಾಲಿ’, ‘ಮೈ ಗುಡ್‌ನೆಸ್’ ಅನ್ನುವ ಮಾತುಗಳಿಗೆ ಹೆಸರುವಾಸಿ. 2003ರ ಏಪ್ರಿಲ್‌ನಲ್ಲಿ ಅಮೆರಿಕದ ಸೈನ್ಯ ಬಾಗ್ದಾದಿಗೆ ನುಗ್ಗಿತ್ತು. ಊರು ಲೂಟಿಯಾಗುತ್ತಿತ್ತು. ಇರಾಕಿನ ರಾಷ್ಟ್ರೀಯ ಮ್ಯೂಸಿಯಮ್ಮಿಗೂ ಕಳ್ಳರು ನುಗ್ಗಿದ್ದರು, ಅಲ್ಲಿಂದ ಸುಮಾರು 15,000 ವಸ್ತುಗಳು ಹೋದವು. ಸಾವಿರಾರು ವರ್ಷ ಹಳೆಯ ಮುದ್ರೆಗಳು, ಮಡಕೆಗಳು, ವಿಗ್ರಹಗಳು. ಏಪ್ರಿಲ್ 11ರಂದು ಪೆಂಟಗನ್ನಿನಲ್ಲಿ ಪತ್ರಕರ್ತರು ಲೂಟಿಯ ಬಗ್ಗೆ ಕೇಳಿದರು. ಟೀವಿಯವರು ಒಬ್ಬನೇ ಮನುಷ್ಯ ಹೂಜಿ ಹೊತ್ತುಕೊಂಡು ಹೋಗುವ ಚಿತ್ರವನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದಾರೆ ಅಂದರು ರಮ್ಸ್‌ಫೆಲ್ಡ್. ಅದನ್ನು 20 ಸಲ ನೋಡಿದರೆ, ಮೈ ಗುಡ್‌ನೆಸ್, ಅಷ್ಟೊಂದು ಹೂಜಿಗಳು ಇದ್ದವಾ ಅಂತ ಅನ್ನಿಸುತ್ತದೆ ಅಂದರು. ಇಡೀ ದೇಶದಲ್ಲಿ ಅಷ್ಟು ಹೂಜಿಗಳು ಇರಲು ಸಾಧ್ಯವಾ ಅಂತಲೂ ಸೇರಿಸಿದರು. ಆ ಸಭೆಯ ಮಾತುಗಳನ್ನು ಸರ್ಕಾರವೇ ಬರೆದಿಟ್ಟಿದೆ. ‘ಮೈ ಗುಡ್‌ನೆಸ್’ ಇರುವ ಆ ಸಾಲಿನ ಪಕ್ಕದಲ್ಲೇ, ಕೇಳುತ್ತಿದ್ದವರು ನಕ್ಕರು ಅಂತ ನಮೂದಾಗಿದೆ.